ಕುರಿ ಆಟದ ನೈಜಾಂ ಹಕ್ಕು

ಎಡಗಡೆಯಿಂದ ಮೂರನೆಯ ಕುರಿಗೆ ಒಂದು ಕಿವಿ ಇಲ್ಲ. ಆಟ ಶುರುವಾಗುವ ಮುಂಚೆ ಕುರಿಗಳೆಲ್ಲ ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತವೆ. ಆಗ ಗಮನವಿಟ್ಟು ನೋಡಿದವರಿಗಷ್ಟೇ ಅದು ಕಾಣುತ್ತದೆ. ಅದು ನಮ್ಮ ತಾತನ ಕುರಿ. ನಾಯಿ ಕಚ್ಚಿ ಕಿವಿ ಹರಿದುಹೋಗಿತ್ತು. ಎಂಸಿಎ ಓದುತ್ತಿದ್ದಾಗ ಒಂದು ಬೇಸಿಗೆ ರಜೆಯಲ್ಲಿ, ಮಕ್ತಲ್‌ನಲ್ಲಿರುವ ಕಾಕಾನ ನೆಟ್ ಸೆಂಟರಿನ ಮೂಲೆಯಲ್ಲಿ ಕೂತು ನಾನು ಆ ಕಂಪ್ಯೂಟರ್ ಆಟ ಮಾಡಿದೆ. ರಾಯಚೂರು ರಸ್ತೆ, ಅದರ ಮೇಲೆ ಲಾರಿಗಳು, ಬಸ್ಸುಗಳು. ಆಡುವವರು ಕುರಿಗಳನ್ನು ಆಚೆ ದಾಟಿಸಬೇಕು. ಕುರಿ ದಾರಿ ತಪ್ಪಿದರೆ ಕುರುಬ "ಹರ್ರ್, ಬಾ ಈ ಕಡಿ" ಎಂದು ಗದರಿಸುತ್ತಾನೆ. ಆ ಧ್ವನಿ ಮಾತ್ರ ಕಾಕಾನದು.

ನಾನು ಜಗಳಗಂಟಿಯಲ್ಲ. ಬಸ್ಸಿನಲ್ಲಿ ಕರ್ಚೀಫು ಹಾಕಿ ಹಿಡಿದ ಸೀಟಿನಲ್ಲಿ ಬೇರೆಯವರು ಬಂದು ಕೂತರೆ ನನಗೆ ಸೀಟು ಕೇಳುವುದಿರಲಿ, ಕರ್ಚೀಫು ಕೇಳುವುದಕ್ಕೂ ಸಂಕೋಚ. ಇಂಥವಳು ಒಂದು ಭಾನುವಾರ ಇಬ್ಬರು ಹಿರಿಯರ ಮುಂದೆ ನಿಂತು, "ಇದು ನಂದು, ಯಾರಿಗೂ ಕೊಡಂಗಿಲ್ಲ" ಎಂದು ಗಂಟಲೆತ್ತಿದ್ದು ಹೇಗೆ ಎನ್ನುವುದನ್ನು ಹೇಳಬೇಕಾದರೆ ಮೊದಲು ಕಾಕಾನ ವಿಷಯ ಹೇಳಬೇಕು.

ಕಾಕಾ, ಎಂದರೆ ನಮ್ಮ ಅಪ್ಪನ ತಮ್ಮ ಮೈಲಾರಪ್ಪ, ನೆಟ್ ಸೆಂಟರ್ ಇಡುವ ಮುಂಚೆ ಸಿನಿಮಾ ಹಂಚಿಕೆದಾರರ ಕಡೆಯ ಮನುಷ್ಯನಾಗಿದ್ದ. ರೀಲಿನ ಡಬ್ಬಿಗಳ ಜೊತೆ ಊರೂರಿಗೆ ಹೋಗುವುದು, ಟಿಕೆಟು ಹರಿಯುವಲ್ಲಿ ಕಣ್ಣಿಟ್ಟು ಕೂರುವುದು ಅವನ ಕೆಲಸ. ತೆಲುಗು ಸಿನಿಮಾ ಎಂದೂ ಇಡಿಯಾಗಿ ಮಾರಾಟವಾಗುವುದಿಲ್ಲ. ನೈಜಾಂ ಸೀಮೆ ಒಬ್ಬರಿಗೆ, ಸೀಡೆಡ್ ಸೀಮೆ ಇನ್ನೊಬ್ಬರಿಗೆ, ಹೀಗೆ ಏರಿಯಾ ಏರಿಯಾ ಕತ್ತರಿಸಿ ಹಂಚುತ್ತಾರೆ. ನಿಜಾಮರು ಹೋಗಿ ಎಷ್ಟು ಕಾಲವಾದರೂ ಸಿನಿಮಾದವರ ಬಾಯಲ್ಲಿ ಅವರ ರಾಜ್ಯ ಭದ್ರವಾಗಿದೆ. ಕಾಕಾನ ಪ್ರಕಾರ ಪರದೆಯ ಮೇಲೆ ಏನಾದರೂ ಅಲುಗಾಡಿ, ಅದನ್ನು ನೋಡಲು ಜನ ಸೇರಿದರೆ ಅದು ಸಿನಿಮಾ. ಹಾಗಾಗಿ ರಜೆ ಮುಗಿಸಿ ನಾನು ಹೈದರಾಬಾದಿನ ಹಾಸ್ಟೆಲ್ಲಿಗೆ ಹೋದದ್ದೇ ತಡ, ನನ್ನ ಕುರಿಗಳನ್ನು ಏರಿಯಾವಾರು ಹಂಚಿಬಿಟ್ಟ. ನಾರಾಯಣಪೇಟೆ ಅವನ ಗೆಳೆಯನಿಗೆ; ಗದ್ವಾಲ, ಕಾಕಾನ ಹೆಂಡತಿ ಚಿಗವ್ವನ ಅಣ್ಣ ಈರಣ್ಣ ಮಾವನಿಗೆ; ಮಕ್ತಲ್ ಸ್ವಂತ ರಿಲೀಸ್. ಪ್ರತಿಫಲವಾಗಿ ಚಿಗವ್ವನಿಗೆ ನಾರಾಯಣಪೇಟೆಯಿಂದ ನಾರಾಯಣಪೇಟೆ ಸೀರೆ, ಗದ್ವಾಲದಿಂದ ಗದ್ವಾಲ ಸೀರೆ ಬಂತು. ವ್ಯವಹಾರ ಅಷ್ಟು ಶುದ್ಧ.

ಈರಣ್ಣ ಮಾವ ಗದ್ವಾಲದಲ್ಲಿ ಮಕ್ಕಳು ಬಂದು ಕಂಪ್ಯೂಟರ್ ಆಟ ಆಡುವ ಅಂಗಡಿ ಇಟ್ಟವರು. ಅಲ್ಲಿ ನನ್ನ ಆಟ ಚೆನ್ನಾಗಿಯೇ ಓಡಿತು. ಒಮ್ಮೆ ಹೋಗಿ ನೋಡಿದೆ. ಮೊದಲ ಪರದೆಯಲ್ಲಿ ಬೆಂಕಿಯ ಅಕ್ಷರಗಳಲ್ಲಿ "ಈರಣ್ಣ ಅರ್ಪಿಸುವ" ಎಂದು ಬಂತು. ಆಮೇಲೆ "ನಿರ್ಮಾಣ: ಮೈಲಾರಪ್ಪ." ಆಮೇಲೆ ನೇರವಾಗಿ ಕುರಿಗಳು. ಸಿನಿಮಾದಲ್ಲಿ ಲೈಟು ಹಿಡಿದವರ ಹೆಸರಾದರೂ ಕೊನೆಗೆ ಬರುತ್ತದೆ. ನಾನು ಕೊನೆಯವರೆಗೂ ಕಾದೆ. ಕುರಿಗಳು ದಾಟಿದವು, ನನ್ನ ಹೆಸರು ದಾಟಲಿಲ್ಲ.

ಆಂಧ್ರಪ್ರದೇಶದಿಂದ ನಮ್ಮ ಸೀಮೆ ಬೇರೆ ರಾಜ್ಯವಾದ ಬೇಸಿಗೆಯಲ್ಲಿ, ಅಂಗಡಿಗಳ ಬೋರ್ಡುಗಳ ಮೇಲೆ ಪೇಂಟರುಗಳು ಹಳೆಯ ರಾಜ್ಯದ ಹೆಸರು ಅಳಿಸುತ್ತಿದ್ದಾಗ, ನಾನು ನಾರಾಯಣಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಕೂತು ಅದೇ ಆಟವನ್ನು ಫೋನಿಗೆ ಹೊಂದುವಂತೆ ಹೊಸದಾಗಿ ಬರೆದೆ. ಅದನ್ನು ಇಂಟರ್‌ನೆಟ್ಟಿನಲ್ಲಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ, ನನ್ನ ಹೆಸರಿನಲ್ಲಿ ಬಿಡಬೇಕೆಂದು ನಿಶ್ಚಯಿಸಿದೆ. ಹಿರಿಯರಿಗೆ ಒಂದು ಮಾತು ಹೇಳಿ ಮಾಡೋಣವೆಂದು ಕಾಕಾನಿಗೆ ಹೇಳಿದೆ. ವಿದ್ಯೆ ಕಲಿತವರಿಗೆ ಇಂಥ ಸೌಜನ್ಯದ ಕಾಯಿಲೆ ಇರುತ್ತದೆ. ಭಾನುವಾರ ಕಾಕಾನ ಮನೆಗೆ ಹೋದರೆ ಗದ್ವಾಲದಿಂದ ಈರಣ್ಣ ಮಾವ ಬಂದು ಚಹಾ ಕುಡಿಯುತ್ತಿದ್ದರು.

"ಏಂದಿ ಬಿಡ್ಡಾ, ನಾ ಏರಿಯಾಲ ನುವ್ವು ರಿಲೀಸ್ ಜೇಸ್ತವಾ?" ಎಂದು ತೆಲುಗಿನಲ್ಲಿ ಶುರುಮಾಡಿದರು. ಸಿಟ್ಟು ಬಂದಾಗ ಅವರಿಗೆ ತೆಲುಗು ಬರುತ್ತದೆ. "ನನ್ನ ಏರಿಯಾದಾಗ ನನ್ನ ಕೇಳದಽ ಬಿಡ್ತೀಯಂತ? ಪುಕ್ಕಟೆ ಬ್ಯಾರೆ! ನನ್ನ ಅಂಗಡಿಗಿ ಯಾರ ಬರ್ತಾರ?"

"ಆಟ ನಂದು, ಮಾವ."

"ಆಟ ನಿಂದಽ. ಯಾರು ಇಲ್ಲ ಅಂದ್ರು? ಹಕ್ಕು ನಂದು."

"ಹಕ್ಕು ಕೊಟ್ಟೋರು ಯಾರ್ರೀ?"

ಮಾವ ಕಾಕಾನ ಕಡೆ ಗದ್ದ ಎತ್ತಿದರು. ಕಾಕಾ ಫ್ಯಾನಿನ ಕಡೆ ನೋಡುತ್ತಾ ಹೇಳಿದ: "ಕಂಪ್ಯೂಟರ್ ನಂದು, ಕರೆಂಟ್ ನಂದು, ಧ್ವನಿ ನಂದು. ನಾ ಪ್ರೊಡ್ಯೂಸರ್ ಆದ್ನೋ ಇಲ್ಲೋ?"

"ಹಂಗಾರ ನಾ ಯಾರು ಕಾಕಾ?"

"ನೀ ಮನಿ ಮಗಳು."

ಇದನ್ನು ಅವನು ಪ್ರೀತಿಯಿಂದಲೇ ಹೇಳಿದ. ತೊಂದರೆ ಇರುವುದು ಅಲ್ಲಿಯೇ. ಬೈದಿದ್ದರೆ ತಿರುಗಿ ಹೇಳಲು ನನ್ನಲ್ಲಿ ಏನಾದರೂ ಇರುತ್ತಿತ್ತು. ಮನೆಮಗಳಾದವಳಿಗೆ ಆಟದಲ್ಲಿ ಹೆಸರು ಯಾಕೆ ಬೇಕು ಎಂಬಂತೆ ಮೂರೂ ಜನ ನೆಮ್ಮದಿಯಾಗಿ ಕೂತಿದ್ದರು. ಮೂರನೆಯವಳು ಅಡಿಗೆಮನೆಯ ಬಾಗಿಲಲ್ಲಿದ್ದ ಚಿಗವ್ವ.

"ಅದೂ ಅಲ್ಲದಽ, ನನಗ ಕೊಟ್ಟಿದ್ದು ಡ್ಯಾಮೇಜ್ ಮಾಲು," ಎಂದರು ಮಾವ. "ಮೂರನೇ ಕುರಿಗಿ ಕಿವಿನಽ ಇಲ್ಲ. ಸಿಡಿ ಗೀರಿರಬೇಕಂತ ಸುಮ್ಮಿದ್ದೆ."

ಆಗ ನನ್ನ ಧ್ವನಿ ಏರಿತು. "ಅದು ತಾತನ ಕುರಿ! ನೋಡಿ ನೋಡಿ ಬರದೀನಿ. ಇದು ನಂದು, ಯಾರಿಗೂ ಕೊಡಂಗಿಲ್ಲ!"

ಚಿಗವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಕೊಡಂಗಿಲ್ಲಂತ! ಪದವಿ ತಗೊಳ್ಳಾಕ ಹೋಗೋವಾಗ ಗದ್ವಾಲ ಸೀರಿ ಯಾರು ಉಟ್ಕೊಂಡು ಹೋಗಿದ್ರವ್ವಾ?"

ಉಟ್ಟಿದ್ದು ನಾನೇ. ಫೋಟೋ ಎದುರಿನ ಗೋಡೆಯ ಮೇಲೇ ಇತ್ತು. ನನ್ನದೇ ಆಟದ ಗದ್ವಾಲ ಹಕ್ಕನ್ನು ಮೈಮೇಲೆ ಸುತ್ತಿಕೊಂಡು, ಸೆರಗು ಸರಿಯಾಗಿ ಕಾಣುವಂತೆ ನಿಂತಿದ್ದೆ. ಕಾನೂನಿನ ಪ್ರಕಾರ ನನ್ನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಹೊತ್ತಿಗೆ ನನಗೆ ಸಂಕೋಚವೆಂಬುದು ಎಲ್ಲಿ ಹೋಗಿತ್ತೋ ತಿಳಿಯದು.

"ಮಾವ, ಕಾಕಾ ನಿಮಗ ಕೊಟ್ಟಿದ್ದು ಆಂಧ್ರಪ್ರದೇಶದ ಗದ್ವಾಲ. ಆ ಗದ್ವಾಲ ಈಗ ಎಲ್ಲೈತ್ರಿ? ನಮ್ಮ ರಾಜ್ಯ ನಮಗ ಬೇಕಂತ ಟೆಂಟಿನ್ಯಾಗ ಉಪಾಸ ಕುಂತವ್ರು ನೀವು. ನನ್ನ ಆಟ ನನಗ ಅಂದ್ರ ತಪ್ಪೇನ್ರಿ?"

ಮಾವ ಚಹಾದ ಕಪ್ಪು ಕೆಳಗಿಟ್ಟರು. ರಾಜ್ಯವಾದ ದಿನ ಗದ್ವಾಲದಲ್ಲಿ ಎಲ್ಲರಿಗಿಂತ ಹೆಚ್ಚು ಪಟಾಕಿ ಹೊಡೆದವರು ಅವರು. "ಈಕಿಗಿ ಮಾತಽ ಬರಂಗಿಲ್ಲ ಅಂದಿದ್ದೆಲ್ಲೋ ಮೈಲಾರಿ!" ಎಂದು ನಕ್ಕರು. ನಕ್ಕರೇ ಹೊರತು ಹಕ್ಕು ಬಿಡಲಿಲ್ಲ. ಕೊನೆಗೆ ಕಾಕಾ ರಾಜಿ ಸೂತ್ರ ತೆಗೆದ: ಲೋಕಕ್ಕೆಲ್ಲ ಬಿಡಲಿ, ಗದ್ವಾಲ ಒಂದನ್ನು ಬಿಟ್ಟು. ಎಲ್ಲರಿಗೂ ಸಮಾಧಾನವಾಯಿತು. ನಾನು ಸುಮ್ಮನಿದ್ದೆ. ನನ್ನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನಮ್ಮ ಮನೆಯವರ ಹಳೆಯ ರೂಢಿ. ಎಲೆ ಹಾಕಿದರು. ನಾನು ಬಡಿಸಲು ನಿಂತೆ.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಮಾವ? ನಾ ಒಪ್ಪಿಲ್ಲ," ಎಂದೆ.

ಮಾವ ರೊಟ್ಟಿ ಮಾತ್ರ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಕಾಕಾ ಶಟರ್ ಎತ್ತುವ ಹೊತ್ತಿಗೆ ಹೋಗಿ ನೆಟ್ ಸೆಂಟರಿನ ಮುಂದೆ ನಿಂತೆ. ಅವನ ಮೇಲೆ ಯುದ್ಧ ಹೂಡಬೇಕೆಂದರೂ ನೆಟ್ಟು ಅವನದೇ ಬೇಕು. ಅವನು ಮನೆದೇವರು ಬೀರಪ್ಪನ ಫೋಟೋಗೆ ಊದುಬತ್ತಿ ಹಚ್ಚಿ, ಮೂಲೆಯ ಕಂಪ್ಯೂಟರ್ ಆನ್ ಮಾಡಿಕೊಟ್ಟು, ನನ್ನ ಬೆನ್ನ ಹಿಂದೆ ನಿಂತ. ಫೋನಿನ ಆಟಗಳನ್ನು ಬಿಡುವ ತಾಣ ತೆರೆದು, ಪ್ರಕಾಶಕರ ಹೆಸರು ಕೇಳಿದಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಯಾವುದನ್ನೂ ಬಿಡದೆ ತುಂಬಿದೆ. ಧ್ವನಿ ಎಂದು ಕಾಕಾನ ಹೆಸರನ್ನೂ ಹಾಕಿದೆ. ಮುಂದಿನ ಪುಟ ತೆರೆಯಿತು: ಈ ಆಟವನ್ನು ಯಾವ ಯಾವ ಪ್ರದೇಶಗಳಲ್ಲಿ ವಿತರಿಸಬೇಕು?

"ನೋಡು!" ಎಂದು ಕಾಕಾ ನನ್ನ ಕುರ್ಚಿಯ ಬೆನ್ನಿಗೆ ಬಡಿದ. "ಅವ್ರೂ ಏರಿಯಾ ಕೇಳ್ತಾರ! ನಾ ಏನ್ ಹೇಳಿದ್ದೆ? ಗದ್ವಾಲ ಎಲ್ಲೈತಿ ನೋಡು."

"ಇದರಾಗ ಗದ್ವಾಲ ಇಲ್ಲ ಕಾಕಾ. ಬರೇ ದೇಶ ಅದಾವ."

"ಸರಿಯಾಗಿ ಹುಡುಕು."

ಇಡೀ ಜಗತ್ತು ಎನ್ನುವುದರ ಮುಂದೆ ಒಂದೇ ಒಂದು ಗುರುತು ಹಾಕಿದ್ದರೆ ಸಾಕಾಗಿತ್ತು. ನಾನು ಹಾಗೆ ಮಾಡಲಿಲ್ಲ. ಹೆಸರು ಕೂಡ ಕೇಳಿರದ ದೇಶಗಳ ಮುಂದೆ, ಮೇಲಿನಿಂದ ಕೆಳಗಿನವರೆಗೆ, ಒಂದೊಂದಾಗಿ ಗುರುತು ಹಾಕುತ್ತಾ ಹೋದೆ. ಕಾಲೇಜಿನ ಬಸ್ಸು ತಪ್ಪಿತು. ಏರಿಯಾ ಹಂಚುವಾಗ ಕಾಕಾನಿಗೆ ಎಷ್ಟು ಖುಷಿಯಾಗಿದ್ದಿರಬೇಕೆಂದು ಆಗ ನನಗೆ ಗೊತ್ತಾಯಿತು.