ಆನೆಮರಿಗೆ ಅವ್ವನ ಕೌದಿ

ನನ್ನಂಥ ಪುಕ್ಕಲರಿಗೇ ಇಂಥವೆಲ್ಲ ಗಂಟು ಬೀಳುತ್ತವೆ. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಅಂತ ವರ್ಗವಾಗುತ್ತ ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದ ನರ್ಸು ನಾನು. ಇವತ್ತಿಗೂ ಕೂಸು ಅಳುವವರೆಗೆ ನನಗೆ ಉಸಿರು ಬರುವುದಿಲ್ಲ. ಹೀಗಿದ್ದೂ ತಾಯಿ ಸತ್ತ ಆನೆಮರಿಗಳ ಆರೈಕೆಗೆ ಆರು ವಾರ ಜಾಂಬಿಯಾಕ್ಕೆ ಹೋದೆ. ಅಕ್ಕನ ಮಗಳು ಮೊಬೈಲಿನಲ್ಲಿ ಅರ್ಜಿ ತುಂಬಿದಳು, ಅಲ್ಲಿಯವರು ಬಾ ಅಂದುಬಿಟ್ಟರು.

೧. ರಜೆ

ರಜೆ ಚೀಟಿ ಓದಿ ನಮ್ಮ ದೊಡ್ಡ ಡಾಕ್ಟರು ಕನ್ನಡಕ ತೆಗೆದಿಟ್ಟರು. ಆನೆಯನ್ನು ಹತ್ತಿರದಿಂದ ಯಾವಾಗಾದರೂ ನೋಡಿದ್ದೀರಾ ಅಂತ ಕೇಳಿದರು. ಸುಳ್ಳು ಹೇಳಲು ನನಗೆ ಹೆದರಿಕೆ.

"ತಾಳಿಕೋಟಿ ಬಸ್ ಸ್ಟ್ಯಾಂಡಿಗೆ ಒಮ್ಮೆ ಬಂದಿತ್ರಿ. ನಾ ಬಸ್ ಹತ್ತಿಬಿಟ್ಟೆ."

"ಯಾವ ಬಸ್ಸು?"

"ಬೋರ್ಡ್ ನೋಡಲಿಲ್ಲರಿ. ಮುದ್ದೇಬಿಹಾಳದಾಗ ಇಳದೆ."

ಡಾಕ್ಟರು ಸಹಿ ಹಾಕಿದರು. ಆಫ್ರಿಕಾದಲ್ಲಿ ಬಸ್ ಹತ್ತುವ ಮೊದಲು ಬೋರ್ಡು ನೋಡಿ ಅಂತಷ್ಟೇ ಹೇಳಿದರು.

೨. ಚೀಲ

ಸಾಲೋಟಗಿಯಿಂದ ಅವ್ವ ಬಂದು ಚೀಲ ತುಂಬಿದಳು. ಅರ್ಧ ಚೀಲಕ್ಕೆ ಅವಳ ಕೌದಿಯೇ ಕೂತಿತು. ನಾಲ್ಕು ಹಳೆಯ ಇಳಕಲ್ ಸೀರೆ ಕೂಡಿಸಿ ಕೈಯಲ್ಲೇ ಹೊಲಿದದ್ದು, ನಾವು ನಾಲ್ಕೂ ಮಕ್ಕಳು ಅದರೊಳಗೇ ಬೆಳೆದವರು. ಅಲ್ಲಿ ಥಂಡಿ ಇಲ್ಲ ಅಂದೆ. ಥಂಡಿಗೂ ಕೌದಿಗೂ ಏನು ಸಂಬಂಧ ಅಂತ ಇನ್ನೊಂದಿಷ್ಟು ಒತ್ತಿದಳು. ಉಳಿದ ಜಾಗಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಖಾರದ ಚಟ್ನಿಪುಡಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಹೇಬರೊಬ್ಬರು ಹಿಂಡಿಯ ಡಬ್ಬಿ ಎತ್ತಿ ಹಿಡಿದು ಇದೇನು ಪುಡಿ ಅಂದರು. ತಿನ್ನುವುದು ಅಂತ ತೋರಿಸಲು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ರೊಟ್ಟಿ ಇಲ್ಲದೆ ಹಾಗೆ ತಿನ್ನಬಾರದು. ನೆತ್ತಿಗೇರಿ ಕಣ್ಣು ಮೂಗು ಒಟ್ಟಿಗೇ ಹರಿದವು. ಸಾಹೇಬರು ನೀರಿನ ಬಾಟಲಿ ಕೊಟ್ಟು, ಅಳಬೇಡಿ ಮೇಡಂ, ಊರಿಗೆ ಬೇಗ ವಾಪಸ್ ಬರ್ತೀರಿ ಅಂತ ಸಮಾಧಾನ ಹೇಳಿ ಕಳಿಸಿದರು.

೩. ಹಾಲು

ನನ್ನ ಪಾಲಿಗೆ ಬಂದದ್ದು ಎರಡು ತಿಂಗಳ ಹೆಣ್ಣುಮರಿ. ಬಂದು ಎರಡು ದಿನವಾದರೂ ಹನಿ ಹಾಲು ಕುಡಿದಿರಲಿಲ್ಲ. ಬಾಟಲಿ ಕಂಡರೆ ಸೊಂಡಿಲು ತಿರುಗಿಸುತ್ತಿತ್ತು. ಅಲ್ಲಿಯವರು ಇಂಥ ಮರಿಗಳಿಗೆ ತಾಯಿಯ ಹೊಟ್ಟೆ ಅನಿಸಲಿ ಅಂತ ಕಂಬಳಿ ಇಳಿಬಿಡುತ್ತಾರೆ. ಈ ಹುಡುಗಿಗೆ ಆ ಹೊಸ ಕಂಬಳಿಯೂ ಬೇಡವಾಗಿತ್ತು. ಇನ್ನೊಂದು ದಿನ ಹೀಗೇ ಆದರೆ ಉಳಿಯುವುದಿಲ್ಲ ಅಂತ ಹಿರಿಯ ಪಾಲಕ ಮೆಲ್ಲಗೆ ಹೇಳಿದ. ಬಾಟಲಿ ಕೆಳಗಿಟ್ಟೆ. ಅವ್ವನಿಗೆ ಫೋನು ಹಚ್ಚಿ ಮರಿ ಹಾಲು ಕುಡಿಯುತ್ತಿಲ್ಲ ಅಂದೆ.

"ಅಲ್ಲಿ ಎಷ್ಟು ಮಂದಿ ನಿಂತೀರಿ?" ಅಂದಳು.

"ಐದು ಮಂದಿ."

"ಅದನ್ನ ನೋಡ್ಕೋತ?"

"ನೋಡ್ಕೋತ, ಬರಕೋತ."

"ಮತ್ತ ಹೆಂಗ ಕುಡೀತೈತಿ? ಹಾಲು ಕುಡಿಯೋ ಕೂಸಿಗೆ ಸೆರಗು ಮುಚ್ಚಬೇಕಂತ ನರ್ಸಿಗೆ ನಾ ಹೇಳಬೇಕೇನ?"

ನಾನು ಹಾಕಿಕೊಂಡದ್ದು ಪ್ಯಾಂಟು, ಸೆರಗೆಲ್ಲಿಂದ ಬರಬೇಕು? ಓಡಿಹೋಗಿ ಕೌದಿ ತಂದು ಹಗ್ಗದ ಮೇಲೆ ಇಳಿಬಿಟ್ಟೆ. ಉಳಿದ ನಾಲ್ವರಿಗೆ ಕೈಸನ್ನೆ ಮಾಡಿ ಬೇಲಿಯ ಕಡೆ ಮುಖ ತಿರುಗಿಸಿ ನಿಲ್ಲಿಸಿದೆ. ಅವರಲ್ಲೊಬ್ಬ ಆರಡಿ ಮೀರಿದ ಜರ್ಮನ್, ಅವನೂ ತೆಪ್ಪಗೆ ನಿಂತ. ಕೌದಿಯ ಅಂಚಿನಿಂದ ಬಾಟಲಿ ಹಿಡಿದು ನಾನು ಹಿಂದೆ ಅಡಗಿದೆ. ಮರಿ ಬಂತು. ಕೌದಿಯನ್ನು ಮೇಲಿಂದ ಕೆಳತನಕ ಮೂಸಿತು. ಐವತ್ತು ವರ್ಷದ ನಮ್ಮ ಮನೆಯ ವಾಸನೆ ಅದರಲ್ಲಿತ್ತು. ಸೊಂಡಿಲನ್ನು ಅದಕ್ಕೆ ಒತ್ತಿಕೊಂಡು ಚಪ್ಪರಿಸಿ ಕುಡಿಯಲು ಶುರು ಮಾಡಿತು. ಬಾಟಲಿ ಖಾಲಿಯಾಗುವಷ್ಟರಲ್ಲಿ ನಾನು ಗೊಳೋ ಅಂತ ಅಳುತ್ತಿದ್ದೆ.

ಎರಡನೇ ಬಾಟಲಿ ಕುಡಿಸುವಾಗ ಅವ್ವನಿಗೆ ವಿಡಿಯೋದಲ್ಲಿ ತೋರಿಸಿದೆ. ಅವಳು ಮರಿಯನ್ನು ಬಿಟ್ಟು ಬೇಲಿಯ ಕಡೆ ನೋಡಿದಳು.

"ಆ ಉದ್ದನ್ನವ ವಾರಿಗಣ್ಣಿಲೆ ನೋಡಾಕತ್ತಾನ. ಹೊರಗ ಕಳಸು ಅವನ್ನ."

೪. ಪಾರ್ಸೆಲ್ಲು

ಹೊರಡುವ ದಿನ ಕೌದಿಯನ್ನು ಅಲ್ಲೇ ಬಿಟ್ಟು ಬಂದೆ. ನಾನಿಲ್ಲದೆ ಕುಡಿಯುತ್ತೋ ಇಲ್ಲವೋ ಅಂತ ಇಳಿದ ಕಡೆಯೆಲ್ಲ ಫೋನು ನೋಡಿದೆ. ಸಾಲೋಟಗಿ ಮುಟ್ಟುವ ಹೊತ್ತಿಗೆ, ಕುಡಿಯುತ್ತಿದೆ, ಮೈ ಹಿಡಿದಿದೆ ಅಂತ ಮೆಸೇಜು ಬಂತು. ಆದರೂ ಗಳಿಗೆಗೊಮ್ಮೆ ಫೋನು ನೋಡುವುದು ತಪ್ಪಲಿಲ್ಲ.

ಕೌದಿ ಎಲ್ಲಿ ಅಂತ ಅವ್ವ ಕೇಳಲೇ ಇಲ್ಲ. ಅಲ್ಲಿದ್ದಾಗ ಒಮ್ಮೆ ಮರಿಯ ತಲೆಯ ಅಳತೆ ಕೇಳಿದ್ದಳು, ತಮಾಷೆಗೆ ಅಂತ ನಾನೂ ಹೇಳಿದ್ದೆ. ಈಗ ನೋಡಿದರೆ ಕುಂಚಿಗೆ ಹೊಲಿದು ಮುಗಿಸಿದ್ದಾಳೆ. ಕೂಸುಗಳ ತಲೆಗೆ ಕಟ್ಟಿ ಬೆನ್ನಿನ ಮೇಲೆ ಇಳಿಬಿಡುತ್ತೇವಲ್ಲ, ಅದೇ. ಎರಡು ಸೀರೆ ಹಿಡಿದಿತ್ತು. ಕಿವಿಗೆ ಬೇರೆ ಜಾಗ ಬಿಟ್ಟಿದ್ದಳು.

ಪಾರ್ಸೆಲ್ ಮಾಡಲು ಇಂಡಿ ಪೇಟೆಯ ಅಂಚೆ ಕಚೇರಿಗೆ ಹೋದೆವು. ಒಳಗೆ ಏನಿದೆ ಅಂತ ಕೌಂಟರಿನವರು ಕೇಳಿದರು. ಆನೆ ಅಂದರೆ ಎಲ್ಲಿ ತಕರಾರು ತೆಗೆಯುತ್ತಾರೋ ಅಂತ ಹೆದರಿ, ಮೂರು ತಿಂಗಳ ಕೂಸಿನ ಕುಂಚಿಗೆ ಅಂದುಬಿಟ್ಟೆ. ಅವರು ಬಿಚ್ಚಿ ನೋಡಿದರು. ಕುಂಚಿಗೆ ಟೇಬಲ್ ತುಂಬಿ ಎರಡೂ ಕಡೆ ನೆಲ ಮುಟ್ಟಿತು. ಅವರು ಅದರ ಈ ತುದಿ ನೋಡಿದರು, ಆ ತುದಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹೆರಿಗಿ ನಾರ್ಮಲ್ ಆತೇನ್ರಿ?" ಅಂತ ಮೆಲ್ಲಗೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವ್ವ ಅಂದಳು:

"ನಾರ್ಮಲ್ ಆತ್ರಿ. ಅವರ ಮನಿತನದಾಗ ಕೂಸುಗೋಳು ಇಷ್ಟು ದೊಡ್ಡವ ಇರ್ತಾವ."