ಬಟ್ಟೆ ಬೀರುವಿನಲ್ಲಿ ಹುಟ್ಟಿದ ಬ್ರ್ಯಾಂಡು

ಈ ಸಲ ನಾನು ಬ್ರ್ಯಾಂಡ್ ಆಗಿಯೇ ತೀರುವುದೆಂದು ನಿರ್ಧರಿಸಿದೆ. ಸೋಪು ಬ್ರ್ಯಾಂಡ್ ಆಗಬಹುದು, ಚಪ್ಪಲಿ ಬ್ರ್ಯಾಂಡ್ ಆಗಬಹುದು, ನಾನೇಕೆ ಆಗಬಾರದು? ನನ್ನನ್ನು ನೀವು ನೋಡಿಲ್ಲ, ಆದರೆ ಖಂಡಿತ ಕೇಳಿದ್ದೀರಿ. ಫೋನ್ ಕಂಪನಿಗೆ ದೂರು ಹೇಳಲು ಕರೆ ಮಾಡಿದಾಗ "ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ, ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದು ಒಬ್ಬ ಗಂಡಸು ಕಿವಿಗೆ ಜೇನು ಸುರಿಯುತ್ತಾನಲ್ಲ, ಆತ ಸಾಕ್ಷಾತ್ ನಾನೇ! ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುತ್ತಿದ್ದವನೂ ನಾನೇ. 'ಎನ್ನುತ್ತಿದ್ದ' ಎಂದು ಯಾಕೆ ಬರೆದೆನೆಂದರೆ, ಲಿಫ್ಟು, ಪಾರ್ಕಿಂಗ್ ಯಂತ್ರ, ಬ್ಯಾಂಕಿನ ಟೋಕನ್ ಯಂತ್ರ ಎಲ್ಲವೂ ಒಂದೊಂದಾಗಿ ನನ್ನ ಕೈ ಬಿಟ್ಟು ಕಂಪ್ಯೂಟರ್ ಹುಟ್ಟಿಸಿದ ಧ್ವನಿಯ ಕೈ ಹಿಡಿದವು. ಅದಕ್ಕೆ ಗಂಟಲು ಕಟ್ಟುವುದಿಲ್ಲ, ಸಂಬಳ ಬೇಕಿಲ್ಲ, ಮಧ್ಯೆ ಕೆಮ್ಮು ಬರುವುದಿಲ್ಲ. ನಾನು ಹೊಸ ಬಾಗಿಲು ತಟ್ಟಿದಲ್ಲೆಲ್ಲ ಒಂದೇ ಉತ್ತರ: "ಧ್ವನಿ ಚೆನ್ನಾಗಿದೆ. ಅವಕಾಶ ಬಂದಾಗ ತಿಳಿಸುತ್ತೇವೆ." ನಮ್ಮ ಕಸುಬಿನಲ್ಲಿ ಇದು 'ಇನ್ನು ಹೊರಡಿ' ಎನ್ನುವುದರ ಸಭ್ಯ ರೂಪ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ.

ಉಳಿದಿದ್ದು ಫೋನ್ ಕಂಪನಿ ಒಂದೇ. ಅದೂ ಹೊಸ ಧ್ವನಿ ಹುಡುಕುತ್ತಿದೆ ಎಂಬ ಸುದ್ದಿಯನ್ನು ಸ್ಟುಡಿಯೋದ ಎಂಜಿನಿಯರ್ ತಂದ. ಸದಾ ಕಿವಿಗೆ ಅದನ್ನೇ ಸಿಕ್ಕಿಸಿಕೊಂಡಿರುವುದರಿಂದ ಅವನನ್ನು ಎಲ್ಲರೂ ಹೆಡ್‌ಫೋನ್ ಎಂದೇ ಕರೆಯುವುದು.

"ಅವರಿಗೆ ಮನುಷ್ಯರ ಧ್ವನಿನೇ ಬೇಕಂತೆ ಸಾರ್, ಅಷ್ಟರ ಮಟ್ಟಿಗೆ ನೀವು ಪುಣ್ಯವಂತರು," ಎಂದ. "ಆದ್ರೆ ಮನುಷ್ಯರು ತುಂಬಾ ಜನ ಇದಾರೆ ನೋಡಿ. ಅಲ್ಲಿನ ಪ್ರಚಾರ ವಿಭಾಗದ ಮೇಡಂ ಎಲ್ಲರ ಹತ್ರಾನೂ ಎಲೆಕ್ಟ್ರಾನಿಕ್ ಪ್ರೆಸ್ ಕಿಟ್ ಕೇಳಿದಾರೆ. ನಿಮ್ಮದಿದೆ ತಾನೇ?"

"ಇಲ್ಲದೆ ಏನು," ಎಂದೆ. ಅದು ತಿನ್ನುವುದೋ ಮೈಗೆ ಹಚ್ಚುವುದೋ ನನಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ನಮ್ಮ ಪರಿಚಯ, ಫೋಟೋ, ಧ್ವನಿಯ ಮಾದರಿ, ನಾಲ್ಕು ಜನ ನಮ್ಮನ್ನು ಹೊಗಳಿದ ಮಾತು, ಇಷ್ಟನ್ನೂ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ತುಂಬಿ ಲಿಂಕ್ ಕಳಿಸುವುದಂತೆ. ಅದನ್ನು ಬಿಚ್ಚಿ ನೋಡಿದವರಿಗೆ ನಾವು ಬರೀ ಮನುಷ್ಯರಲ್ಲ, ಬ್ರ್ಯಾಂಡು ಎಂದು ಮನವರಿಕೆಯಾಗಬೇಕಂತೆ.

ಮನೆಗೆ ಬಂದವನೇ ಸ್ಲೇಟಿನ ಮೇಲೆ ಬರೆದೆ: 'ನಾನು ಬ್ರ್ಯಾಂಡ್ ಆಗಲಿದ್ದೇನೆ. ಪ್ರೆಸ್ ಕಿಟ್ ಬೇಕು.'

ನನ್ನ ಹೆಂಡತಿ ಅದನ್ನು ಓದಿ, "ಇಸ್ತ್ರಿಪೆಟ್ಟಿಗೆ ಮಂಚದ ಕೆಳಗಿದೆ," ಎಂದಳು.

ಸ್ಲೇಟು ಯಾಕೆ ಎಂದಿರಾ? ಅದು ನಮ್ಮ ಮನೆಯ ಪದ್ಧತಿ. ಗಂಟಲೇ ನನ್ನ ಬಂಡವಾಳವಾದ್ದರಿಂದ ಅದನ್ನು ಮನೆಯಲ್ಲಿ ಪೋಲು ಮಾಡುವಂತಿಲ್ಲ. ಮದುವೆಯಾದ ಹೊಸತರಲ್ಲಿ ರೆಕಾರ್ಡಿಂಗ್ ಇದ್ದ ದಿನ ಮಾತ್ರ ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಆಮೇಲೆ ಅದರ ಹಿಂದಿನ ದಿನವೂ ಸೇರಿತು. ಆಮೇಲೆ ರೆಕಾರ್ಡಿಂಗ್ ಬಂದರೂ ಬರಬಹುದಾದ ದಿನಗಳು ಸೇರಿದವು. ಕೆಲಸ ಕಡಿಮೆಯಾದಷ್ಟೂ ಬಂದರೂ ಬರಬಹುದಾದ ದಿನಗಳು ಹೆಚ್ಚಾದವು, ನಾನು ಪೂರ್ತಿ ಮೌನಿಯಾದೆ. ಅಡುಗೆಮನೆಯ ಬಾಗಿಲಲ್ಲಿ ಸ್ಲೇಟು, ಅದರ ಪಕ್ಕ ಬಳಪ. 'ಉಪ್ಪು ಕಡಿಮೆ', 'ಟವೆಲ್ ಎಲ್ಲಿ', 'ಫ್ಯಾನ್ ಆರಿಸು', ಇದು ನಮ್ಮ ದಾಂಪತ್ಯದ ಸಮಗ್ರ ಸಾಹಿತ್ಯ.

ಮಾತೆಲ್ಲ ಅವಳದೇ. ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ಕೂತು, ಕೆನ್ನೆ ಊದಿಸಿಕೊಂಡು ಬಂದವರಿಗೆ ಸಮಾಧಾನ ಹೇಳಿ ಬರುತ್ತಾಳೆ. ಮನೆಗೆ ಬಂದ ಮೇಲೆ ಪ್ಲಂಬರ್ ಜೊತೆ, ಮನೆ ಓನರ್ ಜೊತೆ, ನನ್ನ ಸ್ವಂತ ತಂಗಿಯ ಜೊತೆಗೂ ನನ್ನ ಪರವಾಗಿ ಮಾತಾಡುತ್ತಾಳೆ. "ಅತ್ತಿಗೆ, ಅಣ್ಣ ಹೇಗಿದಾನೆ?" ಎಂದು ತಂಗಿ ಕೇಳಿದರೆ, "ಇಲ್ಲೇ ಇದಾರಮ್ಮ, ಚೆನ್ನಾಗಿದೀನಿ ಅಂತ ತಲೆ ಆಡಿಸ್ತಿದಾರೆ," ಎಂದು ವರದಿ ಒಪ್ಪಿಸುತ್ತಾಳೆ. ಹೊಸ ಸ್ಕ್ರಿಪ್ಟು ಬಂದಾಗ ಮೊದಲು ಗಟ್ಟಿಯಾಗಿ ಓದುವವಳೂ ಅವಳೇ. ಎಲ್ಲಿ ಉಸಿರು, ಎಲ್ಲಿ ನಿಲುಗಡೆ ಎಂದು ನಾನು ಗುರುತು ಹಾಕಿಕೊಳ್ಳುತ್ತೇನೆ. ತಾಲೀಮಿಗೆಲ್ಲ ನನ್ನ ಗಂಟಲು ಯಾಕೆ ಸವೆಯಬೇಕು?

ಸರಿ, ಕಿಟ್ಟಿನ ಕಾಮಗಾರಿ ಶುರುವಾಯಿತು. ಮೊದಲು ಫೋಟೋ. ಮೈಕಿನ ಮುಂದೆ ಬಾಯಿ ತೆರೆದು ಧೀಮಂತನಾಗಿ ನಿಂತೆ. ಅವಳು ಮೊಬೈಲಿನಲ್ಲಿ ತೆಗೆದಳು, ನೋಡಿದಳು. "ದಿನಾ ನಮ್ಮ ಕ್ಲಿನಿಕ್ಕಿಗೆ ಬರೋರೂ ಹೀಗೇ ಬಾಯಿ ಬಿಡ್ತಾರೆ. ಕೊನೇ ದವಡೆ ಹಲ್ಲು ತೋರಿಸ್ಕೊಳ್ಳಿ, ಹುಳುಕು ಕಾಣ್ತಿದೆ," ಎಂದಳು. ಬಾಯಿ ಮುಚ್ಚಿ ತೆಗೆಸಿಕೊಂಡೆ. ಆಗ ಧ್ವನಿ ಕಲಾವಿದ ಎನ್ನುವುದಕ್ಕೆ ಸಾಕ್ಷಿಯೇ ಇಲ್ಲದೆ ನಾನೊಬ್ಬ ಕಾಣೆಯಾದ ವ್ಯಕ್ತಿಯಂತೆ ಬಂದೆ.

ಆಮೇಲೆ ಪರಿಚಯ. 'ಕೋಟ್ಯಂತರ ಕಿವಿಗಳ ಒಡೆಯ' ಎಂದು ಭರ್ಜರಿಯಾಗಿ ಆರಂಭಿಸಿದೆ. "ಕಿವಿ ಒಡೆಯೋನು ಅಂತ ಓದ್ಕೋತಾರೆ," ಎಂದಳು. ಒಡೆಯ ಹೋಗಿ 'ಸಾಮ್ರಾಟ' ಬಂತು.

ಕಷ್ಟವಾದದ್ದು ಹೊಗಳಿಕೆ. ನನ್ನನ್ನು ಹೊಗಳುವವರು ಬೇಕಲ್ಲ! ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಬಳಿಗೆ ಹೋಗಿ, ಅಪರೂಪಕ್ಕೆ ಬಾಯಿ ಬಿಟ್ಟು, ಫೋನ್ ಕಂಪನಿಯ ಧ್ವನಿ ನಾನೇ ಎಂದು ಗುಟ್ಟು ರಟ್ಟು ಮಾಡಿದೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವಾ ಅದು? ನನ್ನ ಫೋನ್ ಸತ್ತಾಗ ಮಧ್ಯಾಹ್ನ ಪೂರ್ತಿ ಕಾಯಿಸಿದ್ದು ನೀವಾ? ನಿಮ್ಮನ್ನೇ ಹುಡುಕ್ತಿದ್ದೆ ಕಣ್ರೀ."

ಬಾಗಿಲು ಮುಚ್ಚಿಕೊಂಡರು. ಮುಚ್ಚುವ ಮುಂಚೆ ಲಿಫ್ಟಿನಷ್ಟು ವಿನಯದಿಂದ ತಿಳಿಸಲೂ ಇಲ್ಲ. ಇಷ್ಟು ವರ್ಷ ನನ್ನ ಧ್ವನಿ ಕೇಳಿದವರೆಲ್ಲ ಹಲ್ಲು ಕಡಿಯುತ್ತಲೇ ಕೇಳಿದ್ದಾರೆ ಎನ್ನುವುದು ನನಗೆ ಅದುವರೆಗೆ ಹೊಳೆದಿರಲೇ ಇಲ್ಲ. ನಾನು ಜೇನು ಎಂದುಕೊಂಡು ಸುರಿದದ್ದನ್ನು ಅವರು ಕಾದ ಎಣ್ಣೆ ಎಂದುಕೊಂಡು ಸಹಿಸಿದ್ದರು.

ಕಡೆಗೆ ಹೆಂಡತಿಯ ಮುಂದೆ ಸ್ಲೇಟು ಹಿಡಿದೆ: 'ನನ್ನ ಧ್ವನಿ ಬಗ್ಗೆ ನೀನೇ ಎರಡು ಸಾಲು ಬರೆ.'

"ನನಗೇನು ಗೊತ್ತು ನಿಮ್ಮ ಧ್ವನಿ?" ಎಂದಳು. "ಮೇಲಿನ ಮನೆ ಮೇಷ್ಟ್ರು ಕೇಳಿರೋಷ್ಟೂ ನಾನು ಕೇಳಿಲ್ಲ."

ಜಗಳದ ದನಿಯಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು. ನಾನು ಒಳಗೆ ಹೋಗಿ 'ಒಬ್ಬ ಅಭಿಮಾನಿ', 'ಇನ್ನೊಬ್ಬ ಅಭಿಮಾನಿ' ಎಂಬ ಹೆಸರುಗಳಲ್ಲಿ ನನ್ನನ್ನು ನಾನೇ ಬೇಕಾದಷ್ಟು ಹೊಗಳಿಕೊಂಡೆ.

ಕೊನೆಯದು ರೆಕಾರ್ಡಿಂಗ್: ಆ ಪರಿಚಯವನ್ನು ನನ್ನ ಧ್ವನಿಯಲ್ಲೇ ಓದಿ ಕಿಟ್ಟಿಗೆ ಸೇರಿಸಬೇಕು. ಸ್ಟುಡಿಯೋಗೆ ಬಾಡಿಗೆ ತೆರುವ ತಾಕತ್ತು ಇರಲಿಲ್ಲವಾದ್ದರಿಂದ ಮಲಗುವ ಕೋಣೆಯ ಬಟ್ಟೆ ಬೀರುವನ್ನೇ ಸ್ಟುಡಿಯೋ ಮಾಡಿದೆ. ಕೋಟು, ಸೀರೆ, ಕಂಬಳಿಗಳ ಮಧ್ಯೆ ಹೊರಗಿನ ಸದ್ದು ನುಸುಳುವುದಿಲ್ಲ. ಪದ್ಧತಿಯಂತೆ ಮೊದಲು ತಾಲೀಮು. ಹೆಂಡತಿಯನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಮೈಕು, ಟಾರ್ಚು, ಪರಿಚಯದ ಹಾಳೆ ಕೊಟ್ಟು ಬಾಗಿಲು ಹಾಕಿದೆ. ನಾನು ಹೊರಗೆ ಲ್ಯಾಪ್‌ಟಾಪ್ ಮುಂದೆ ಕೂತು ರೆಕಾರ್ಡಿಂಗ್ ಶುರುಮಾಡಿ ಕಿವಿಗೊಟ್ಟೆ. ಓದು ಮುಗಿಯಿತು. ನಿಲುಗಡೆಗಳು ಸರಿಯಿದ್ದವು. ಇನ್ನು ನನ್ನ ಸರದಿ ಎಂಬ ಉತ್ಸಾಹದಲ್ಲಿ ಗಂಟಲಿಗೆ ಬಿಸಿನೀರು ಮಾಡಿಕೊಳ್ಳಲು ಅಡುಗೆಮನೆಗೆ ಓಡಿದೆ.

ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತೆ. ಆ ಬೀರುವಿನ ಬಾಗಿಲು ಹೊರಗಿನಿಂದ ಮಾತ್ರ ತೆಗೆಯಲು ಬರುತ್ತದೆ ಎನ್ನುವುದನ್ನೂ ಮರೆತೆ!

ನೀರು ಕುದಿದು, ಆರಿ, ಕುಡಿದು, ಬಾಯಿ ಮುಕ್ಕಳಿಸಿ ಬಂದು ಬಾಗಿಲು ತೆಗೆದಾಗ ಅವಳು ಕಂಬಳಿಗೆ ಒರಗಿ ಕೂತಿದ್ದಳು. ಟಾರ್ಚು ಆರಿತ್ತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವಳು ಮೈಕನ್ನು ನನ್ನ ಕೈಗಿಟ್ಟು ಎದ್ದು ಹೋದಳು. ನಾನು ಬಾಗಿಲನ್ನು ಓರೆಯಾಗಿಟ್ಟು ಒಳಗೆ ಕೂತು ನನ್ನ ಸಾಮ್ರಾಟಗಿರಿಯನ್ನು ಅದ್ಭುತವಾಗಿ ಓದಿದೆ.

ಮಾರನೆಯ ದಿನ ಕಿಟ್ ಕಳಿಸಬೇಕಿತ್ತು. ನಾನು ಟವೆಲ್ ಹೊದ್ದು, ಭುಸುಗುಡುವ ಪಾತ್ರೆಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳುತ್ತಿದ್ದೆ. ಸ್ಲೇಟಿನಲ್ಲಿ 'ಕಳಿಸು' ಎಂದು ಬರೆದಿಟ್ಟಿದ್ದೆ. ಅವಳು ಹತ್ತಿರ ಬಂದು ಏನೋ ಕೇಳಿದಳು. ಹಬೆಯ ಸದ್ದಿನಲ್ಲಿ ಕೇಳಿಸಲಿಲ್ಲ. "ಏನಂದೆ?" ಎಂದರೆ ಗಂಟಲು ಖರ್ಚಾಗುತ್ತದೆ ಎಂದು ಟವೆಲ್ಲಿನೊಳಗಿಂದಲೇ ತಲೆ ಆಡಿಸಿದೆ. ಅವಳು ಕೇಳಿದ್ದು, "ಫೋಲ್ಡರ್‌ನಲ್ಲಿ ಇರೋದೆಲ್ಲಾನೂ ಕಳಿಸ್ಲಾ?" ಎಂದು. ಒಂದು ಮಾತು ಉಳಿಸಿ ನಾನು ಕಳೆದುಕೊಂಡದ್ದೆಷ್ಟು ಎಂಬುದನ್ನು ಇನ್ನು ನೀವೇ ನೋಡಿ.

ವಾರದೊಳಗೆ ಕರೆ ಬಂತು. ನಮ್ಮ ಮನೆಯ ಫೋನ್ ಎತ್ತುವವಳು ಅವಳೇ. ಪ್ರಚಾರ ವಿಭಾಗದ ಮೇಡಂ ಎಂದು ತಿಳಿಯುತ್ತಲೇ ಸ್ಪೀಕರ್ ಹಾಕು ಎಂದು ಸನ್ನೆ ಮಾಡಿ, ಶರ್ಟಿನ ಕಾಲರ್ ಸರಿಮಾಡಿಕೊಂಡು ನಿಂತೆ.

ಮೇಡಂ ಮೊದಲು ನನ್ನ ಬಗ್ಗೆ ಹೇಳಿದರು: "ಸಾರ್ ಧ್ವನಿ ಚೆನ್ನಾಗಿದೆ. ಅವಕಾಶ ಬಂದಾಗ ತಿಳಿಸ್ತೀವಿ."

ಇದ್ದ ಒಂದೇ ಕೆಲಸ, ಇಷ್ಟು ಸಲೀಸಾಗಿ ಹೋಯಿತು. ಆದರೆ ಮೇಡಂ ಫೋನ್ ಇಡಲಿಲ್ಲ. ಕಿಟ್ಟಿನಲ್ಲಿ ಇನ್ನೊಂದು ಧ್ವನಿ ಇದೆಯಲ್ಲ, ಅದು ನಿಮ್ಮದೇ ತಾನೇ ಎಂದು ಅವಳನ್ನು ಕೇಳಿ, ಅದನ್ನು ನಮಗೇ ಹಾಕಿ ಕೇಳಿಸಿದರು. ಓದೆಲ್ಲ ಮುಗಿದ ಮೇಲಿನ ಭಾಗ. ಬಟ್ಟೆಗಳ ನಡುವೆ ಕತ್ತಲಲ್ಲಿ ಕೂತು ನನ್ನ ಹೆಂಡತಿ ಮಾತಾಡುತ್ತಿದ್ದಳು.

"ರೀ, ಆಯ್ತು. ಬಾಗಿಲು ತೆಗೀರಿ. ಇದೀರಾ? ನೀವು ಇದ್ರೂ ಮಾತಾಡಲ್ಲ, ಇಲ್ದಿದ್ರೂ ಮಾತಾಡಲ್ಲ, ಇದೀರೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು? ಊರೋರಿಗೆಲ್ಲ ಧನ್ಯವಾದ ಹೇಳ್ತೀರಿ. ನನಗೂ ಒಂದು ಹೇಳಿ ಅಂತ ಬಾಯಿ ಬಿಟ್ಟು ಕೇಳೋಕೆ ನನಗೇ ಒಂಥರಾ ಆಗುತ್ತೆ. ಇರಲಿ ಬಿಡಿ. ಕಾಯ್ತೀನಿ."

ನಾನು ಅವಳ ಕಡೆ ನೋಡಲಿಲ್ಲ, ನೋಡಲು ಆಗಲಿಲ್ಲ.

"ಈ 'ಇರಲಿ ಬಿಡಿ, ಕಾಯ್ತೀನಿ' ಅನ್ನೋದನ್ನ ನಮ್ಮ ಇಡೀ ಆಫೀಸು ಕೇಳ್ತು," ಎಂದರು ಮೇಡಂ. "ನಮ್ಮ ಗಿರಾಕಿಗಳು ಕಾಯೋದೂ ಹೀಗೇನೇ. ಕಾದು ಗೊತ್ತಿರೋರ ಧ್ವನಿ ಬೇಕಿತ್ತು ನಮಗೆ. ನೀವು ಬರ್ತೀರಾ?"

ನಾನು ಓಡಿಹೋಗಿ ಸ್ಲೇಟು ತಂದು, 'ಬೇಡ ಅನ್ನು' ಎಂದು ದೊಡ್ಡದಾಗಿ ಬರೆದು ಅವಳ ಮುಂದೆ ಹಿಡಿದೆ. ಅವಳು ಓದಿದಳು. ಕೈಯಲ್ಲಿದ್ದ ಅಡುಗೆಮನೆ ಬಟ್ಟೆಯಿಂದ ನಿಧಾನವಾಗಿ ಒರೆಸಿದಳು.

"ಯಾವಾಗ ಬರ್ಲಿ ಮೇಡಂ?"

ಇದಿಷ್ಟು ನನ್ನ ಬ್ರ್ಯಾಂಡಿನ ಚರಿತ್ರೆ. ಈಗ ಕ್ಲಿನಿಕ್ಕಿನಿಂದ ಬಂದ ಮೇಲೆ ಅವಳು ಮಾತಾಡುವುದಿಲ್ಲ. ಗಂಟಲು ಕಾಪಾಡಿಕೊಳ್ಳಬೇಕೆಂದು ಹೆಡ್‌ಫೋನ್ ಹೇಳಿದ್ದಾನಂತೆ. ಬಳಪ ಅವಳ ಕೈಗೆ ಹೋಗಿದೆ. ಪ್ಲಂಬರ್ ಜೊತೆ, ಓನರ್ ಜೊತೆ ನಾನೇ ಗಂಟಲು ಹರಿದುಕೊಳ್ಳುತ್ತೇನೆ. ಜೇನು ಸುರಿದರೆ ಪ್ಲಂಬರ್ ಬರುವುದಿಲ್ಲ. "ಅತ್ತಿಗೆ ಹೇಗಿದಾರೆ?" ಎಂದು ತಂಗಿ ಕೇಳಿದಳು. "ಇಲ್ಲೇ ಇದಾಳೆ, ತಲೆ ಆಡಿಸ್ತಿದಾಳೆ," ಎಂದೆ. ಅವಳು ತಲೆ ಆಡಿಸುತ್ತಲೂ ಇರಲಿಲ್ಲ.

ಮನೆ ತೀರಾ ಸದ್ದಿಲ್ಲದಂತಾದಾಗ ನಾನು ಬಾಲ್ಕನಿಗೆ ಹೋಗಿ ಫೋನ್ ಕಂಪನಿಗೆ ಕರೆ ಮಾಡುತ್ತೇನೆ. ನನ್ನ ಫೋನಿಗೆ ಯಾವ ತೊಂದರೆಯೂ ಇಲ್ಲ. "ಸ್ವಲ್ಪ ಇರಿ, ಇಲ್ಲೇ ಇದೀವಿ. ನೀವು ಕಾದಿದ್ದಕ್ಕೆ ಧನ್ಯವಾದ," ಎನ್ನುತ್ತಾಳೆ ಅವಳು, ನನಗೆಂದೇ ಹೇಳಿದ ಹಾಗೆ. ಗೋಡೆಯ ಆಚೆ ತರಕಾರಿ ಹೆಚ್ಚುವ ಸದ್ದು ಬರುತ್ತಿರುತ್ತದೆ. ಹೆಂಡತಿಯ ಎರಡು ಮಾತು ಕೇಳಲು ಸರದಿಯಲ್ಲಿ ನಿಂತ ಗಂಡ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು! ಯಾರಾದರೂ ಸಿಬ್ಬಂದಿ ಕರೆ ಎತ್ತಿಕೊಂಡರೆ ಸಿಟ್ಟು ಬಂದು ಇಟ್ಟುಬಿಡುತ್ತೇನೆ.

ಮೊನ್ನೆ ಗಟ್ಟಿ ಮನಸ್ಸು ಮಾಡಿದೆ. ಬಾಕಿ ಇರುವ ಒಂದು ಮಾತು ಹೇಳಿಯೇ ಬಿಡುವುದು. ಬಿಸಿನೀರು ಕುಡಿದೆ, ಗಂಟಲು ಸರಿಮಾಡಿಕೊಂಡೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆಯಾಳದಿಂದ ನನ್ನ ಅತ್ಯುತ್ತಮ ಧ್ವನಿಯನ್ನು ತೆಗೆದೆ.

"ಇಷ್ಟು ವರ್ಷದ ನಿನ್ನ ತಾಳ್ಮೆಗೆ ಧನ್ಯವಾದಗಳು."

ಅವಳು ಒಲೆ ಸಣ್ಣಗೆ ಮಾಡಿ, ನನ್ನತ್ತ ತಿರುಗಿ, ಸ್ಟುಡಿಯೋದಲ್ಲಿ ಹೆಡ್‌ಫೋನ್ ಕೇಳುವ ಹಾಗೆ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೈ ಒರೆಸಿಕೊಂಡು ಬಳಪ ತೆಗೆದುಕೊಂಡಳು. ಬರೆದು ಮುಗಿಸಿ ಸ್ಲೇಟನ್ನು ನನ್ನ ಕಡೆ ತಿರುಗಿಸಿದಳು.

'ಧ್ವನಿ ಚೆನ್ನಾಗಿದೆ. ಅವಕಾಶ ಬಂದಾಗ ತಿಳಿಸುತ್ತೇವೆ.'