ಪರದೆಯ ಹಿಂದೆ ಎರಡು ಸನಾದಿ

ಸೊಲ್ಲಾಪುರದ ನಮ್ಮ ಗಲ್ಲಿಯಲ್ಲಿ ಹಾರ್ಮೋನಿಯಂ ಬಾರಿಸುವವನು ನಾನೊಬ್ಬನೇ. ಹೀಗಾಗಿ ನನ್ನ ಕಿವಿಯ ಬಗ್ಗೆ ಗಲ್ಲಿಗೆ, ಗಲ್ಲಿಗಿಂತ ಹೆಚ್ಚಾಗಿ ನನಗೆ, ಭಾರೀ ಗೌರವವಿತ್ತು.

ತೊಂಬತ್ತೆಂಟರಲ್ಲಿ ನನ್ನ ಹೆಂಡತಿಯ ಅಣ್ಣ, ಅಕ್ಕಲಕೋಟದ ವಸಂತರಾವ್, ಮುಂಬೈಯಿಂದ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತಂದ. ನಿಜವಾದ ವಾದ್ಯಗಳ ದನಿಯನ್ನೇ ಮುದ್ರಿಸಿ ಅದರೊಳಗೆ ತುಂಬಿದ್ದರಂತೆ. ಒಂದು ಗುಂಡಿಗೆ ಕೊಳಲು, ಇನ್ನೊಂದಕ್ಕೆ ಸನಾದಿ.

"ನನ್ನ ಮಗಳ ಮದುವಿಗೆ ಇದೇ ಸಾಕು," ಅಂದ.

ನನ್ನ ಹೆಂಡತಿ ಶಕುಂತಲೆ ಒಪ್ಪಲಿಲ್ಲ. ಅವಳ ತವರಿನ ಪ್ರತಿ ಮದುವೆಗೂ ಸನಾದಿ ಊದಿದವರು ಮುದುಕ ಇಮಾಮಸಾಬರು. ನಮ್ಮ ಮದುವೆಗೂ ಅವರೇ. ಅಣ್ಣ ತಂಗಿಯ ವಾದ ಮುಗಿಯದೆ, ಕಡೆಗೆ ನನ್ನನ್ನು ನ್ಯಾಯಾಧೀಶನಾಗಿ ನೇಮಿಸಲಾಯಿತು. ಪರದೆಯ ಹಿಂದೆ ಎರಡೂ ನುಡಿಯಬೇಕು. ನಾನು ಯಾವುದನ್ನು ಆರಿಸುತ್ತೇನೋ ಅದಕ್ಕೇ ಮದುವೆಯ ಮಾನ.

ಅಕ್ಕಲಕೋಟಕ್ಕೆ ಹೋಗುವ ಬಸ್ಸಿನಲ್ಲಿ ಶಕುಂತಲೆ, "ಏನ್ರಿ, ಇಮಾಮಸಾಬ ಚಾಚಾಗ ಅನ್ಯಾಯ ಆಗಬಾರದು ನೋಡ್ರಿ," ಅಂದಳು.

"ಮಶೀನಿಗೆ ಉಸಿರು ಎಲ್ಲಿಂದ ಬರ್ತದ? ಕಣ್ಣು ಮುಚ್ಚಿ ಹೇಳ್ತೀನಿ," ಅಂದೆ.

ನಡುಮನೆಯ ತುಂಬ ನೆಂಟರು. ನಾನು ಗಂಭೀರವಾಗಿ ಕಣ್ಣು ಮುಚ್ಚಿದೆ. ಮೊದಲ ದನಿ ಎಲ್ಲೂ ಕಡಿಯದೆ ಎಣ್ಣೆಯ ಧಾರೆಯಂತೆ ಬಂತು. ಎರಡನೆಯದರಲ್ಲಿ ಸ್ವರ ಹುಟ್ಟುವ ಮೊದಲು ಸಣ್ಣದೊಂದು ಉಸಿರು, ತುಟಿ ತಾಗಿದ ಸದ್ದು. ನನ್ನ ಮೈ ಜುಮ್ಮೆಂದಿತು.

"ಮೊದಲನೇದು ಮಶೀನು," ಎಂದು ಘೋಷಿಸಿದೆ. "ಮನುಷ್ಯಾ ಆದವ ಉಸಿರು ತಗೊಳ್ದ ಇಷ್ಟೊತ್ತು ಊದಾಕ ಆಗೂದಿಲ್ಲ. ಎರಡನೇದರಾಗ ಜೀವ ಅದ. ಅದೇ ಗೆದ್ದದ."

ಪರದೆ ಸರಿಯಿತು. ಎರಡನೆಯದನ್ನು ನುಡಿಸಿದ ವಸಂತರಾವ್ ಕೀಬೋರ್ಡಿನ ಮುಂದೆ ನಗುತ್ತ ನಿಂತಿದ್ದ. ಮೊದಲನೆಯದನ್ನು ಊದಿದ ಇಮಾಮಸಾಬರು ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಶಕುಂತಲೆ ನನ್ನತ್ತ ನೋಡಲೂ ಇಲ್ಲ.

"ತಪ್ಪಾತ್ರಿ ಚಾಚಾ," ಅಂದೆ. "ನಿಮ್ಮ ಉಸಿರೇ ಕೇಳಸಲಿಲ್ಲ."

"ಗಲ್ಲದಾಗ ಗಾಳಿ ತುಂಬಿಟ್ಟು ಮೂಗಿಲೆ ಉಸಿರು ತಗೋಬೇಕ್ರಿ ಸಾಹೇಬ್ರ," ಅಂದರು ಅವರು. "ಅದು ಕೇಳಿಸಬಾರದು ಅಂತನ ನಲವತ್ತು ವರ್ಷ ದುಡದೀನಿ."

ನಾನು ಹಿಡಿದ ತಪ್ಪು ಅವರ ಜೀವಮಾನದ ಸಾಧನೆಯಾಗಿತ್ತು!

ಅವರು ಎದ್ದು ಬಂದು ಕೀಬೋರ್ಡಿನ ಒಂದು ಪಟ್ಟಿ ಒತ್ತಿ ಹಿಡಿದರು. ಬಹಳ ಹೊತ್ತು ಆಲಿಸಿದರು. "ಯಾರೋ ದೊಡ್ಡ ಉಸ್ತಾದ್ರು ಊದ್ಯಾರ," ಎಂದು ಆ ಪೆಟ್ಟಿಗೆಗೆ ಕೈ ಮುಗಿದರು. ಆಮೇಲೆ ಅದೇ ಪಟ್ಟಿಯನ್ನು ಮತ್ತೆ ಮತ್ತೆ ಒತ್ತಿದರು.

"ಕೇಳ್ರಿ, ಪ್ರತಿ ಸಲ ಅದೇ ಉಸಿರು. ಅಕ್ಷತಾ ಬೀಳೂಮುಂದ ಒಂದು ನಮೂನಿ ಊದಬೇಕು, ಪೋರಿ ಮನಿ ಬಿಡೂಮುಂದ ಒಂದು ನಮೂನಿ. ಪಾಪ, ಈ ಉಸ್ತಾದ್ರಿಗೆ ಪೋರಿ ಕಾಣ್ಸೂದಿಲ್ಲಲ್ಲ."

ವಸಂತರಾವ್ ತಾನೇ ಸ್ವಿಚ್ ಆರಿಸಿದ. "ದಾಜಿ, ನಿಮ್ಮ ತೀರ್ಪು ರದ್ದು," ಎಂದು ತಂಗಿಯ ಗಂಡನಾದ ನನಗೆ ಹೇಳಿದ. "ಚಾಚಾ, ಮದುವಿಗೆ ನೀವೇ ಬರ್ರಿ."

ಮದುವೆಯ ದಿನ ವಸಂತರಾವನ ಮಗಳು ಹೊಸ್ತಿಲು ದಾಟುವಾಗ ಇಮಾಮಸಾಬರು ಒಂದೇ ಸ್ವರವನ್ನು ಎಷ್ಟು ಹೊತ್ತು ಎಳೆದರೆಂದರೆ, ಉಸಿರು ಕಟ್ಟಿದ್ದು ನಮಗೆ. ಪಕ್ಕದಲ್ಲಿದ್ದ ಬೀಗರೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಹೆಂಗದರಿ ಸನಾದಿ?" ಎಂದು ನನ್ನನ್ನು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ.

ಶಕುಂತಲೆ ನನ್ನ ಕೈಗೊಂದು ದೊಡ್ಡ ಬುಂದಿ ಉಂಡಿ ಇಟ್ಟಳು.

"ಮೊದಲ ಇದನ್ನ ತಿನ್ರಿ," ಅಂದಳು. "ಇಡೀದು, ಒಮ್ಮೆಗೇ."